ಗ್ರೇಸ್ ಹಾಪರ್ ಮತ್ತು ಯಂತ್ರದೊಳಗಿನ ಪತಂಗ

ಮಕ್ಕಳೇ, ಮಳೆಗಾಲದ ಸಂಜೆ ನಮ್ಮ ವಯನಾಡಿನ ಮನೆಗಳಲ್ಲಿ ದೀಪ ಹಾಕಿದರೆ ಸಾಕು, ಹುಳುಗಳು ಮುತ್ತಿಕೊಳ್ಳುತ್ತವೆ. ಮನೆಯ ಕಂಪ್ಯೂಟರ್ ಒಮ್ಮೊಮ್ಮೆ ತಾನಾಗಿ ನಿಂತುಹೋಗುವುದನ್ನೂ ನೀವು ನೋಡಿರಬಹುದು. ಇವೆರಡಕ್ಕೂ ಏನು ಸಂಬಂಧ ಎನ್ನುವಿರಾ? ಗ್ರೇಸ್ ಹಾಪರ್ ಅವರ ಕತೆ ಕೇಳಿರಿ.

ಗ್ರೇಸ್ 1906ರ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕಿನಲ್ಲಿ ಹುಟ್ಟಿದರು. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯಲು ಒಂದನ್ನು ಬಿಚ್ಚಿದರು. ಅರ್ಥವಾಗಲಿಲ್ಲ. ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯ ಏಳು ಗಡಿಯಾರಗಳು ಬಿಡಿಬಿಡಿಯಾದವು! ಇನ್ನು ಒಂದೇ ಒಂದು ಗಡಿಯಾರವನ್ನು ಬಿಚ್ಚಬಹುದು ಎಂದು ತಾಯಿ ಅಪ್ಪಣೆ ಮಾಡಿದರು. ಒಳ್ಳೆಯ ತಾಯಿ, ಅಲ್ಲವೇ?

ಮುಂದೆ ಅವರು ಗಣಿತದ ಅಧ್ಯಾಪಕಿಯಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳುಹಿಸಲಾಯಿತು. ಅಲ್ಲಿದ್ದ ಮಾರ್ಕ್ ಒಂದು ಎಂಬ ಗಣಕಯಂತ್ರ ಸುಮಾರು 15 ಮೀಟರ್ ಉದ್ದವಿತ್ತು. ಒಂದು ಗುಣಾಕಾರಕ್ಕೆ ಆರು ಸೆಕೆಂಡು ಬೇಕಾಗುತ್ತಿತ್ತು. ನೌಕಾಪಡೆಯ ಲೆಕ್ಕಗಳನ್ನು ಅದು ಹಗಲೂ ರಾತ್ರಿಯೂ ಮಾಡುತ್ತಿತ್ತು. ಯುದ್ಧದ ಸಮಯ, ಯಂತ್ರ ನಿಂತರೆ ಕೆಲಸವೂ ನಿಲ್ಲುತ್ತಿತ್ತು.

ಅನಂತರ ಮಾರ್ಕ್ ಎರಡು ತಯಾರಾಯಿತು. ಅದರಲ್ಲಿ ಸಾವಿರಾರು ರಿಲೇಗಳಿದ್ದವು. ರಿಲೇ ಎಂದರೆ ಒಂದು ಬಗೆಯ ಸ್ವಿಚ್ಚು. ಮನೆಯ ಸ್ವಿಚ್ಚನ್ನು ನಾವು ಬೆರಳಿನಿಂದ ಒತ್ತುತ್ತೇವೆ. ರಿಲೇಯನ್ನು ವಿದ್ಯುತ್ತಿನಿಂದಾದ ಅಯಸ್ಕಾಂತ ಎಳೆಯುತ್ತದೆ. ಅದರ ಎರಡು ಲೋಹದ ತುದಿಗಳು ಸೇರಿದರೆ ಮಾತ್ರ ವಿದ್ಯುತ್ ಹರಿಯುತ್ತದೆ.

1947ರ ಸೆಪ್ಟೆಂಬರ್ 9ರಂದು ಈ ಯಂತ್ರ ಸರಿಯಾಗಿ ನಡೆಯಲಿಲ್ಲ. ಕೆಲಸಗಾರರು ಭಾಗಗಳನ್ನು ಪರೀಕ್ಷಿಸುತ್ತಾ ಹೋದರು. 70ನೆಯ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು! ಅದನ್ನು ತೆಗೆದು, ದಿನಚರಿ ಪುಸ್ತಕದಲ್ಲಿ ಅಂಟುಪಟ್ಟಿಯಿಂದ ಅಂಟಿಸಿ, ಸಮಯವನ್ನೂ ಬರೆದಿಟ್ಟರು. ಯಂತ್ರದ ದೋಷಕ್ಕೆ ಬಗ್, ಅಂದರೆ ಹುಳು ಎನ್ನುವ ರೂಢಿ ಅದಕ್ಕೂ ಮೊದಲೇ ಇತ್ತು. ಅಂದು ನಿಜವಾದ ಹುಳುವೇ ಸಿಕ್ಕಿತು. ಪತಂಗವನ್ನು ಹಿಡಿದವರು ಗ್ರೇಸ್ ಎಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಆ ಕತೆಯನ್ನು ಊರೂರಿಗೆ ಹೇಳಿದವರು ಅವರು.

ಇಂದಿನ ಕಂಪ್ಯೂಟರಿನಲ್ಲಿ ಅಂಥ ರಿಲೇಗಳ ಸಾಲುಗಳಿಲ್ಲ. ಆದರೂ ಧೂಳು, ತೇವ, ಇರುವೆಗಳು ಒಳಗೆ ಸೇರುತ್ತವೆ. ಧೂಳು ತುಂಬಿ ಫ್ಯಾನ್ ನಿಂತರೆ ಯಂತ್ರ ಬಿಸಿಯಾಗಿ ಆರಿಹೋಗುತ್ತದೆ. ನೀವೇ ಬಿಚ್ಚಲು ಹೋಗಬೇಡಿರಿ. ಹಿರಿಯರು ಪ್ಲಗ್ ತೆಗೆದು, ಒಂದೊಂದೇ ಭಾಗವನ್ನು ನೋಡುವಾಗ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿರಿ.

ಗ್ರೇಸ್ 1986ರಲ್ಲಿ, 79ನೆಯ ವಯಸ್ಸಿನಲ್ಲಿ, ನೌಕಾಪಡೆಯಿಂದ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು. ಪತಂಗ ಅಂಟಿಸಿದ ಆ ಪುಸ್ತಕ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ.