ಡೆಕಾರ್ಟ್‌ಗೆ ಉತ್ತರ ಕೊಟ್ಟ ಅಮೋ

ಆಳಂದ, ಅಫಜಲಪುರ, ಜೇವರ್ಗಿಯಿಂದ ಬಂದು ಒಂದೇ ಹಾಸ್ಟೆಲ್ ರೂಮಿನಲ್ಲಿರೋ ನಾವು ಮೂವರೂ ಇಂಗ್ಲಿಷ್ ಮೀಡಿಯಂನವರು. ಡೆಕಾರ್ಟ್ ಅಂದ್ರೆ ನಮಗೆ ಗ್ರಾಫಿನ ಎಕ್ಸ್-ವೈ ಅಕ್ಷ ಅಷ್ಟೇ. ಅವರ ವಾದದಲ್ಲಿ ತಪ್ಪು ಹಿಡಿದ ಒಬ್ಬ ಆಫ್ರಿಕನ್ ಇದ್ದರು ಅನ್ನೋದು ಗೊತ್ತೇ ಇರಲಿಲ್ಲ.

ಆಂಟನ್ ವಿಲ್ಹೆಲ್ಮ್ ಅಮೋ ಹುಟ್ಟಿದ್ದು ಸುಮಾರು 1703ರಲ್ಲಿ, ಇಂದಿನ ಘಾನಾದ ಆಕ್ಸಿಮ್ ಬಳಿ. ಡಚ್ ಕಂಪನಿಯವರು ಆ ಪುಟ್ಟ ಮಗುವನ್ನು ಹಡಗಿನಲ್ಲಿ ಸಾಗಿಸಿ, 1707ರ ಹೊತ್ತಿಗೆ ಜರ್ಮನಿಯ ವೋಲ್ಫೆನ್‌ಬ್ಯೂಟೆಲ್ ರಾಜಮನೆತನಕ್ಕೆ ಕಾಣಿಕೆಯಾಗಿ ಕೊಟ್ಟರು. ಆಂಟನ್, ವಿಲ್ಹೆಲ್ಮ್ ಎರಡೂ ಒಡೆಯರ ಹೆಸರು. ಅಮೋ ಮಾತ್ರ ಸ್ವಂತದ್ದು.

ಹಾಲೆ ವಿಶ್ವವಿದ್ಯಾಲಯದಲ್ಲಿ ಓದಿ, 1729ರಲ್ಲಿ ಯುರೋಪಿನಲ್ಲಿರುವ ಕರಿಯರ ಹಕ್ಕುಗಳ ಬಗ್ಗೆ ವಾದ ಮಂಡಿಸಿದರು. ಆ ಬರಹ ಉಳಿದಿಲ್ಲ. 1734ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಲ್ಯಾಟಿನ್‌ನಲ್ಲಿ ಬರೆದ ಪ್ರಬಂಧ ಉಳಿದಿದೆ. ದೇಹದ ಜೊತೆ ಮನಸ್ಸೂ ನೋವು ಅನುಭವಿಸುತ್ತೆ ಅಂತ ಡೆಕಾರ್ಟ್ ಬರೆದಿದ್ದರು. ಅಮೋ ಒಪ್ಪಲಿಲ್ಲ. ಸಂವೇದನೆ ಜೀವಂತ ದೇಹದ್ದು, ಮನಸ್ಸಿನ ಕೆಲಸ ತಿಳಿಯೋದು ಅಂದರು. ನಮ್ಮ ಲ್ಯಾಬಿನ ಭಾಷೆಯಲ್ಲಿ, ಬಿಸಿ ತಾಗೋದು ಸೆನ್ಸರಿಗೆ, ಪ್ರೊಸೆಸರಿಗಲ್ಲ.

ಮುಂದೆ ಹಾಲೆ, ಯೇನಾಗಳಲ್ಲಿ ಪಾಠ ಮಾಡಿದರು. 1738ರಲ್ಲಿ ತತ್ವಶಾಸ್ತ್ರ ಮಾಡುವ ಕ್ರಮದ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಸುಮಾರು 1747ರಲ್ಲಿ ಊರಿಗೆ ಮರಳಿದರು. ಅಲ್ಲಿ ತಂದೆ, ಒಬ್ಬ ಸೋದರಿ ಇನ್ನೂ ಇದ್ದರು.

ನಮ್ಮ ಜೇವರ್ಗಿಯ ಷಣ್ಮುಖ ಶಿವಯೋಗಿಗಳೂ 17ನೇ ಶತಮಾನದಲ್ಲಿ ವಚನ ಬರೆದು ಅಂಗ, ಲಿಂಗಗಳ ವಿಚಾರ ಮಾಡಿದವರು. ಅವರನ್ನೂ ನಾವು ಓದಿಲ್ಲ. ಈ ರಜೆಗೆ ಊರಿಂದ ಆ ಪುಸ್ತಕ ತರಬೇಕು ಅಂತ ಮಾತಾಡ್ಕೊಂಡಿದ್ದೇವೆ. ಅಮೋಗೆ ಊರು ಸೇರೋಕೆ 40 ವರ್ಷ ಬೇಕಾಯ್ತು, ನಮಗೆ ಒಂದು ಬಸ್ಸು ಸಾಕು.