ಫೈಸ್ಟಲ್ ಮತ್ತು ಕಳೆದುಹೋದ 72 ಬಿಟ್‌ಗಳು

ಕ್ರಿಪ್ಟೋಗ್ರಫಿ ತಗೊಂಡ ಸೀನಿಯರ್‌ಗಳ ನೋಟ್ಸ್ ತೆರೆದರೆ ಎಡ-ಬಲ ಅದಲುಬದಲಾಗುವ ಒಂದು ಡಯಾಗ್ರಾಮ್ ಸಿಗುತ್ತೆ. ಹೆಸರು ಫೈಸ್ಟಲ್ ನೆಟ್‌ವರ್ಕ್. ಫೈಸ್ಟಲ್ ಅನ್ನೋದು ಒಬ್ಬ ಮನುಷ್ಯನ ಹೆಸರು ಅಂತ ಮಾತ್ರ ಅಲ್ಲಿ ಬರೆದಿರಲ್ಲ.

ಹೋರ್ಸ್ಟ್ ಫೈಸ್ಟಲ್ ಹುಟ್ಟಿದ್ದು 1915ರಲ್ಲಿ, ಬರ್ಲಿನ್‌ನಲ್ಲಿ. 1934ರಲ್ಲಿ ಅಮೆರಿಕಕ್ಕೆ ಹೋದಾಗ ಅವರಿಗೆ ನಮ್ಮದೇ ವಯಸ್ಸು. ಓದಿದ್ದು ಭೌತಶಾಸ್ತ್ರ. ಯುದ್ಧ ಶುರುವಾದ ಮೇಲೆ ಜರ್ಮನಿಯವರು ಅನ್ನೋ ಕಾರಣಕ್ಕೆ ಅವರ ಓಡಾಟಕ್ಕೆ ನಿರ್ಬಂಧ ಬಿತ್ತು. 1944ರಲ್ಲಿ ಪೌರತ್ವ ಸಿಕ್ಕಿತು. ವಿಚಿತ್ರ ನೋಡಿ, ಆಮೇಲೆ ಅದೇ ದೇಶದ ವಾಯುಪಡೆಯ ಸಂಶೋಧನಾ ಕೇಂದ್ರದಲ್ಲೇ ಅವರಿಗೆ ಕೆಲಸ! ಬರುತ್ತಿರುವ ವಿಮಾನ ಮಿತ್ರನದೋ ಶತ್ರುವಿನದೋ ಅಂತ ಗುರುತಿಸೋ ಸಾಧನಗಳ ಮೇಲೆ ದುಡಿದರು.

ಕೊನೆಗೆ ಐಬಿಎಂ ಸೇರಿ ಲೂಸಿಫರ್ ಅನ್ನೋ ಸೈಫರ್ ಕಟ್ಟಿದರು. ಮೊದಲು 'ಡೆಮಾನ್‌ಸ್ಟ್ರೇಶನ್' ಅಂತಿದ್ದ ಹೆಸರು 'ಡೀಮನ್' ಆಗಿ, ಅದರಿಂದ ಲೂಸಿಫರ್ ಆಯಿತು ಅಂತ ಕಥೆ. ಅದರ ಒಂದು ರೂಪದಲ್ಲಿ ಕೀ 128 ಬಿಟ್. ಕಂಪ್ಯೂಟರ್‌ಗಳಲ್ಲಿ ತುಂಬುತ್ತಿದ್ದ ಜನರ ಖಾಸಗಿ ಮಾಹಿತಿಯ ಬಗ್ಗೆ ಅವರಿಗೆ ನಿಜವಾದ ಚಿಂತೆ ಇತ್ತು. 1973ರಲ್ಲೇ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಅದನ್ನು ಬರೆದರು.

ಲೂಸಿಫರ್‌ನಿಂದಲೇ ಬೆಳೆದ ಡಿಇಎಸ್ 1977ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿತು. ಆದ್ರೆ ಕೀ 56 ಬಿಟ್‌ಗೆ ಇಳಿದಿತ್ತು. ಚಿಕ್ಕ ಕೀ ಸಾಕು ಅಂತ ಐಬಿಎಂ ಅನ್ನು ಒಪ್ಪಿಸಿದ್ದು ಗೂಢಚರ್ಯೆಯೇ ಕೆಲಸವಾಗಿದ್ದ ಎನ್‌ಎಸ್‌ಎ. 56 ಬಿಟ್ ಅಂದ್ರೆ ಸುಮಾರು 72 ಸಾವಿರ ಲಕ್ಷ ಕೋಟಿ ಕೀಗಳು. ಕೇಳೋಕೆ ಭಾರಿ. ಆದ್ರೆ ಒಂದೊಂದು ಬಿಟ್ ಬಿಟ್ಟಾಗಲೂ ಹುಡುಕೋ ಕೆಲಸ ಅರ್ಧ ಆಗುತ್ತೆ. ಇಲ್ಲಿ ಬಿಟ್ಟಿದ್ದು 72 ಬಿಟ್! ಡಿಫಿ ಮತ್ತು ಹೆಲ್ಮನ್ ಆಗಲೇ ತಕರಾರು ತೆಗೆದರು. ಬಳಸುವವರಿಗೆ ಉದ್ದದ ಕೀ ಬೇಕು ಅಂದ್ರೂ ಸ್ಟ್ಯಾಂಡರ್ಡ್‌ನಲ್ಲಿ ಆಯ್ಕೆಯೇ ಇರಲಿಲ್ಲ. ಮೂರು ಸಲ ಡಿಇಎಸ್ ಓಡಿಸೋ ಜುಗಾಡ್ ಹುಟ್ಟಿದ್ದು ಅದಕ್ಕೇ. ಒಂದೇ ಸ್ಟ್ಯಾಂಡರ್ಡ್ ಇದ್ದದ್ದರಿಂದ ಬ್ಯಾಂಕುಗಳ ಮಷಿನ್‌ಗಳು ಪರಸ್ಪರ ಮಾತಾಡೋಕೆ ಅನುಕೂಲ ಆಯ್ತು, ಒಪ್ಪೋಣ. ಆದ್ರೂ ನಮಗೆ ಇದು ಅನ್ಯಾಯ ಅನ್ಸುತ್ತೆ.

ಫೈಸ್ಟಲ್ 1990ರಲ್ಲಿ ತೀರಿಕೊಂಡರು. 1998ರಲ್ಲಿ ಇಎಫ್‌ಎಫ್ ಕಟ್ಟಿದ ಒಂದು ಮಷಿನ್ 56 ಬಿಟ್‌ನ ಕೀಯನ್ನು 56 ಗಂಟೆಯಲ್ಲಿ ಹುಡುಕಿತು. 2001ರಲ್ಲಿ ಬಂದ ಎಇಎಸ್‌ನಲ್ಲಿ 128, 192, 256 ಅಂತ ಮೂರು ಆಯ್ಕೆ. ಲೂಸಿಫರ್‌ನ ಉದ್ದವೇ ಅಲ್ಲಿ ಅತಿ ಚಿಕ್ಕದು. ಅಂದಹಾಗೆ, ಎಇಎಸ್ ಒಳಗೆ ಫೈಸ್ಟಲ್ ನೆಟ್‌ವರ್ಕ್ ಇಲ್ಲ. ಎಕ್ಸಾಮ್‌ನಲ್ಲಿ ಆ ಡಯಾಗ್ರಾಮ್ ಅಲ್ಲಿ ಬರೆದುಬಿಟ್ಟೀರಾ.