ಕುಮಾರಿ ಡಾರೊಥಿಯಾ ಡಿಕ್ಸ್

ಸೆರೆಮನೆಯಲ್ಲಿ ನರಳುತ್ತಿದ್ದ ಮತಿವಿಕಲರಿಗಾಗಿ ತನ್ನ ಆಯುಷ್ಯವನ್ನು ಸವೆಯಿಸಿದ ಡಾರೊಥಿಯಾ ಡಿಕ್ಸ್ ಎಂಬ ಮಹಿಳೆಯು 1802ನೆಯ ಇಸವಿ ಏಪ್ರಿಲ್ 4ರಂದು ಅಮೇರಿಕೆಯ ಹ್ಯಾಂಪ್ಡನ್ ಎಂಬ ಊರಿನಲ್ಲಿ ಜನಿಸಿದಳು. ಹೆತ್ತವರ ಮನೆಯಲ್ಲಿ ಸುಖ ಕಾಣದೆ ಹನ್ನೆರಡರ ಪ್ರಾಯದಲ್ಲಿಯೇ ಬಾಸ್ಟನ್ನಿನ ಅಜ್ಜಿಯ ಆಶ್ರಯವನ್ನು ಸೇರಿದಳು. ಹದಿನಾಲ್ಕರ ಹೊತ್ತಿಗೆ ಚಿಕ್ಕ ಮಕ್ಕಳ ಶಾಲೆಯನ್ನು ತೆರೆದು ಉಪಾಧ್ಯಾಯಿನಿಯಾದಳು. ದೇಹಾರೋಗ್ಯವು ಕೆಟ್ಟುದರಿಂದ 1836ರಲ್ಲಿ ಶಾಲೆಯನ್ನು ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು.

ಸ್ವದೇಶಕ್ಕೆ ಮರಳಿದ ಮೇಲೆ, 1841ರ ಮಾರ್ಚ್ ತಿಂಗಳ ಒಂದು ರವಿವಾರ, ಈಸ್ಟ್ ಕೇಂಬ್ರಿಜ್ ಸೆರೆಮನೆಯ ಸ್ತ್ರೀಯರಿಗೆ ಸತ್ಯವೇದದ ಪಾಠ ಹೇಳಲು ಹೋದಳು. ಅಲ್ಲಿ ಅಪರಾಧಿಗಳ ಜೊತೆಯಲ್ಲಿ ಮತಿವಿಕಲರನ್ನೂ ಕೂಡಿಹಾಕಿದ್ದರು. ಕೊರೆಯುವ ಚಳಿಯಲ್ಲಿ ಅವರ ಕೋಣೆಗೆ ಬೆಂಕಿಯಿರಲಿಲ್ಲ. ಬುದ್ಧಿ ಕೆಟ್ಟವರಿಗೆ ಚಳಿ ತಾಗುವುದಿಲ್ಲವೆಂದು ಕಾವಲಿನವರು ನಂಬಿದ್ದರು. ಡಿಕ್ಸ್ ಬಾಯಿಯು ಈ ದೂರನ್ನು ನ್ಯಾಯಸ್ಥಾನದ ವರೆಗೆ ಒಯ್ದು ಅವರಿಗೆ ಬೆಂಕಿಯನ್ನು ದೊರಕಿಸಿದಳು.

ಒಂದು ಸೆರೆಮನೆಯ ಗತಿ ಹೀಗಿದ್ದರೆ ಉಳಿದವುಗಳ ಗತಿಯೇನು? ಆಕೆಯು ಮ್ಯಾಸಚುಸೆಟ್ಸ್ ಪ್ರಾಂತದ ಊರೂರು ತಿರುಗಿ, ಸಂಕೋಲೆ ಪಂಜರಗಳಲ್ಲಿದ್ದವರನ್ನು ಕಣ್ಣಾರೆ ಕಂಡು ಬರೆದಿಟ್ಟಳು. ಸ್ತ್ರೀಯರಿಗೆ ಮತದ ಹಕ್ಕಿಲ್ಲದ ಕಾಲವದು. ಆದುದರಿಂದ 1843ರಲ್ಲಿ ಆ ವರದಿಯನ್ನು ಪುರುಷರೊಬ್ಬರ ಮುಖಾಂತರ ಶಾಸನಸಭೆಯ ಮುಂದಿಡಿಸಿದಳು. ಅನೇಕರು ಅದನ್ನು ಅಲ್ಲಗಳೆದರೂ ವೂಸ್ಟರಿನ ಆಸ್ಪತ್ರೆಯನ್ನು ಬೆಳೆಯಿಸಲು ಹಣವು ಮಂಜೂರಾಯಿತು. ಮುಂದೆ ಆಕೆಯ ಯತ್ನದಿಂದ ಮೂವತ್ತಕ್ಕೂ ಹೆಚ್ಚು ಆಸ್ಪತ್ರೆಗಳು ಹುಟ್ಟಿದವು, ಇಲ್ಲವೆ ವಿಸ್ತಾರಗೊಂಡವು. 1854ರಲ್ಲಿ ಎರಡೂ ಸಭೆಗಳು ಒಪ್ಪಿದ ಆಕೆಯ ಭೂದಾನದ ಮಸೂದೆಯನ್ನು ಅಧ್ಯಕ್ಷ ಪಿಯರ್ಸನು ತಳ್ಳಿಹಾಕಿದನು. ಆದರೂ ಎದೆಗುಂದದೆ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿಯ ಮತಿವಿಕಲರ ದುಃಸ್ಥಿತಿಯ ವಿಚಾರಣೆ ನಡೆಯುವಂತೆ ಮಾಡಿದಳು. 1887ರ ಜುಲೈ 17ರಂದು, ತಾನೇ ಮುಂದೆ ನಿಂತು ಕಟ್ಟಿಸಿದ ಟ್ರೆಂಟನ್ ಆಸ್ಪತ್ರೆಯಲ್ಲಿಯೇ ದೇವರ ಪಾದವನ್ನು ಸೇರಿದಳು.

ಆಕೆ ಕಟ್ಟಿಸಿದ ಆಸ್ಪತ್ರೆಗಳು ಕಾಲಕ್ರಮದಲ್ಲಿ ಕಿಕ್ಕಿರಿದು, ಕೆಲವು ತಾವೇ ಬಂದೀಖಾನೆಗಳಂತಾದುದನ್ನೂ ಮರೆಯಲಾಗದು. ಕಟ್ಟಡವೊಂದರಿಂದಲೇ ಕರುಣೆಯು ಉಳಿಯದು.

ನಮ್ಮ ದೇಶದಲ್ಲಿ, ಮತಿವಿಕಲತೆಯಿಂದ ತನ್ನ ಪಕ್ಷವನ್ನು ಹೇಳಿಕೊಳ್ಳಲಾರದ ಆಪಾದಿತನ ವಿಚಾರಣೆಯನ್ನು ನಿಲ್ಲಿಸಿ ಚಿಕಿತ್ಸೆಗೆ ಕಳುಹಿಸಬೇಕೆಂಬ ಕಾಯಿದೆಯುಂಟು. ಸಾವಳಗಿಯ ಬಡವನಿಗೂ ಧಾರವಾಡದಲ್ಲಿ ಮನೋರೋಗದ ಸರಕಾರಿ ಆಸ್ಪತ್ರೆಯುಂಟು. ಆದರೆ ಅಸ್ಸಾಮದಲ್ಲಿ 1951ರಲ್ಲಿ ಸೆರೆಯಾದ ಒಬ್ಬ ಆಪಾದಿತನು, ಗುಣವಾಯಿತೆಂದು ವೈದ್ಯರು ತಿಳಿಸಿದ ಮೇಲೆಯೂ, ವಿಚಾರಣೆಯಿಲ್ಲದೆ 2005ರ ವರೆಗೆ ಬಂಧನದಲ್ಲಿಯೇ ಉಳಿದನು. ಕಾಯಿದೆಯಿತ್ತು, ಆಸ್ಪತ್ರೆಯಿತ್ತು, ಹೋಗಿ ನೋಡಿ ಕೇಳುವವರು ಇರಲಿಲ್ಲ.

ಪ್ರಿಯ ಸೋದರಿಯರೇ, ಡಿಕ್ಸ್ ಬಾಯಿಯು ರಾಣಿಯಲ್ಲ, ವೈದ್ಯಳಲ್ಲ, ವಕೀಲಳಲ್ಲ. ರೋಗಪೀಡಿತಳಾದ ಒಬ್ಬ ಶಾಲಾ ಉಪಾಧ್ಯಾಯಿನಿ. ಸೆರೆಮನೆಗೆ ಹೋದಳು, ನೋಡಿದಳು, ಕೇಳಿದಳು, ಬರೆದಳು. ಓದುಬರಹ ಕಲಿತ ನಮಗೂ ಇಷ್ಟು ಸಾಧ್ಯವಲ್ಲವೆ?